ಮಾಡುವ ಗುಟ್ಟು, ಬಳಸುವ ಅಳತೆ

ಸೊರಬ ತಾಲ್ಲೂಕಿನ ಜಡೆ ಹೊರಗಿನವರಿಗೆ ಮಠದಿಂದ ಗೊತ್ತು, ಕಂದಾಯ ಇಲಾಖೆಗೆ ಹೋಬಳಿಯಾಗಿ ಗೊತ್ತು. ಗದ್ದೆ, ಅಡಿಕೆ ತೋಟ, ನಡುನಡುವೆ ಶುಂಠಿ, ಮೆಕ್ಕೆಜೋಳ. ಆನವಟ್ಟಿ ಕಡೆಗೆ ಹೊರಟರೆ ಬೋರ್‌ವೆಲ್‌ಗಳ ಪಕ್ಕದಲ್ಲಿ ಸಣ್ಣ ಪಂಪ್‌ಮನೆಗಳು ಕಾಣುತ್ತವೆ. ಅವುಗಳಲ್ಲಿ ಹಳೆಯ ಸ್ಟಾರ್ಟರ್ ಇರುವ ಒಂದನ್ನು ಹುಡುಕಿ ಮುಚ್ಚಳ ಬಿಚ್ಚಿದರೆ ಒಳಮೈಗೆ ಒಂದು ಕಾಗದ ಅಂಟಿಸಿರುತ್ತದೆ. ಮೂರು ಫೇಸಿನ ತಂತಿ ಎಲ್ಲಿಗೆ ಬರಬೇಕು, ಹಸಿರು ಗುಂಡಿಯಿಂದ ಕಾಯಿಲ್‌ಗೆ ದಾರಿ ಯಾವುದು, ಓವರ್‌ಲೋಡ್ ರಿಲೇಯನ್ನು ಎಷ್ಟು ಆಂಪಿಯರ್‌ಗೆ ತಿರುಗಿಸಿಡಬೇಕು ಎಂಬ ನಕ್ಷೆ ಅದು. ಮಸಿ ಹಿಡಿದಿರಬಹುದು, ಹಲ್ಲಿ ಮೊಟ್ಟೆ ಇಟ್ಟಿರಬಹುದು. ಆದರೂ ಓದಲು ಬರುತ್ತದೆ.

ಅದರ ಪಕ್ಕದಲ್ಲೇ ಈಗ ಇನ್ನೊಂದು ಪೆಟ್ಟಿಗೆ ಇರುತ್ತದೆ. ಮನೆಯಲ್ಲಿ ಕೂತು ಮೊಬೈಲಿನಿಂದ ಮೋಟಾರು ಚಾಲೂ ಮಾಡುವ ಪೆಟ್ಟಿಗೆ. ಅದರ ಮುಚ್ಚಳ ಬಿಚ್ಚಿದರೆ ಹಸಿರು ಬೋರ್ಡು ಕಾಣುತ್ತದೆ, ಇಲ್ಲವೇ ಬೋರ್ಡಿನ ಮೇಲೆ ಸುರಿದ ಕಪ್ಪು ಅಂಟು ಕಾಣುತ್ತದೆ. ನಕ್ಷೆ ಇರುವುದಿಲ್ಲ.

ಈ ಎರಡು ಪೆಟ್ಟಿಗೆಗಳ ನಡುವಿನ ಇತಿಹಾಸವನ್ನು ಬರೆಯಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬಿಡಿಭಾಗ ಮಾಡುವವನು ಅದರ ತಾಂತ್ರಿಕ ವಿವರವನ್ನು ಕೊನೆಯ ಬಳಕೆದಾರನಿಗೆ ಕೊಡಬೇಕೇ, ಬೇಡವೇ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಎಂಜಿನಿಯರುಗಳಿಗೋ ವಕೀಲರಿಗೋ ಬಿಟ್ಟುಬಿಡುತ್ತೇವೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ನನಗೆ ಇದು ಮೊದಲಿಗೆ ಇತಿಹಾಸದ ಪ್ರಶ್ನೆಯಾಗಿ ಕಾಣುತ್ತದೆ. ಯಾಕೆಂದರೆ ಒಂದು ಕಾಲದಲ್ಲಿ ಕೊಡುತ್ತಿದ್ದರು. ಯಾಕೆ ಕೊಡುತ್ತಿದ್ದರು, ಯಾಕೆ ನಿಲ್ಲಿಸಿದರು ಎಂದು ತಿಳಿದರೆ, ಈಗ ಏನು ಕೇಳಬೇಕು ಎಂಬುದೂ ತಿಳಿಯುತ್ತದೆ.

ನಮ್ಮ ಸೀಮೆಯಿಂದಲೇ ಶುರು ಮಾಡುತ್ತೇನೆ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಗಂಡಭೇರುಂಡದ ಎತ್ತರದ ಕಂಬವೊಂದಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1047ರಲ್ಲಿ, ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ ನಿಲ್ಲಿಸಿದ್ದು. ಈ ಭಾಗದ ದಾನಶಾಸನಗಳಲ್ಲಿ ಭೂಮಿಯನ್ನು ಅಳೆಯುವಾಗ ‘ಭೇರುಂಡ ಗಳೆ’ ಎಂಬ ಅಳತೆಗೋಲಿನ ಹೆಸರು ಬರುತ್ತದೆ. ಇಷ್ಟು ಮತ್ತರು ಗದ್ದೆ ಎಂದು ಬರೆದು ಸುಮ್ಮನಾಗದೆ, ಯಾವ ಕೋಲಿನಲ್ಲಿ ಅಳೆದ ಮತ್ತರು ಎಂಬುದನ್ನೂ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಕಾರಣ ಸರಳ. ಕೋಲಿನ ಉದ್ದ ಗೊತ್ತಿಲ್ಲದಿದ್ದರೆ ದಾನ ಪಡೆದವನ ಕೈಯಲ್ಲಿ ಬರೀ ಸಂಖ್ಯೆ ಉಳಿಯುತ್ತದೆ, ಭೂಮಿ ಉಳಿಯುವುದಿಲ್ಲ.

ಅದೇ ಬಳ್ಳಿಗಾವಿಯ ದಾಸೋಜ ಎಂಬ ಶಿಲ್ಪಿ ಬೇಲೂರಿನಲ್ಲಿ ಮದನಿಕೆಯರನ್ನು ಕಡೆದು ಕೆಳಗೆ ತನ್ನ ಹೆಸರು, ಊರು ಕೆತ್ತಿದ್ದಾನೆ. ಆದರೆ ಉಳಿಯನ್ನು ಹೇಗೆ ಹದ ಮಾಡಿದೆ, ಕಲ್ಲಿನ ಬಳೆಯನ್ನು ಒಡೆಯದಂತೆ ಹೇಗೆ ಬಿಡಿಸಿದೆ ಎಂದು ಅವನು ಎಲ್ಲೂ ಕೆತ್ತಿಲ್ಲ. ಅದು ಮನೆತನದ ವಿದ್ಯೆ. ಸೊರಬ, ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನೂ ತಲೆಮಾರುಗಳವರೆಗೆ ಮಗ ಅಪ್ಪನ ಪಕ್ಕದಲ್ಲಿ ಕೂತೇ ಕಲಿತದ್ದು. ಹಿಂದಿನವರು ಎಲ್ಲವನ್ನೂ ಬಯಲಿಗಿಟ್ಟಿದ್ದರು ಎಂದು ನಾನು ಹೇಳುತ್ತಿಲ್ಲ. ಅವರು ಎರಡನ್ನು ಬೇರೆ ಮಾಡಿದ್ದರು. ಮಾಡುವ ಗುಟ್ಟು ಮಾಡುವವನದು. ಬಳಸುವ ಅಳತೆ ಊರಿನದು. ಈ ಬರಹದಲ್ಲಿ ನಾನು ಹಿಡಿದು ಹೊರಟಿರುವುದು ಇದೊಂದೇ ಎಳೆ.

ಒಂಬೈನೂರು ವರ್ಷ ದಾಟಿ ರೇಡಿಯೊ ಕಾಲಕ್ಕೆ ಬರೋಣ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ, 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದವು. ಮಲೆನಾಡಿನ ಮನೆಗಳಿಗೆ ರೇಡಿಯೊ ಬಂದದ್ದು ಈ ಕಾಲದಲ್ಲಿ. ಮೊದಲು ಬಂದವು ವಾಲ್ವ್ ಸೆಟ್ಟುಗಳು. ಗಾಜಿನ ಬುರುಡೆಗಳು ಕೆಂಪಗೆ ಕಾದು, ಒಂದರ್ಧ ನಿಮಿಷದ ಮೇಲೆ ದನಿ ಬರುತ್ತಿತ್ತು. ಕರೆಂಟಿಲ್ಲದ ಊರುಗಳಿಗೆ ಬ್ಯಾಟರಿಯ ವಾಲ್ವ್ ಸೆಟ್ಟುಗಳೇ ಬೇರೆ ಇದ್ದವು.

ಆ ವಾಲ್ವ್‌ಗಳ ಹೆಸರನ್ನು ನೋಡಿ. ‘ಇಎಲ್84’. ಯುರೋಪಿನ ತಯಾರಕರು 1930ರ ದಶಕದಲ್ಲಿ ಒಪ್ಪಿಕೊಂಡ ಹೆಸರಿಡುವ ಕ್ರಮ ಇದು. ಮೊದಲ ಅಕ್ಷರ ‘ಇ’ ಅಂದರೆ ಒಳಗಿನ ಕಾಯುವ ತಂತಿಗೆ 6.3 ವೋಲ್ಟ್ ಕೊಡಬೇಕು. ಅದೇ ಜಾಗದಲ್ಲಿ ‘ಡಿ’ ಇದ್ದರೆ ಬ್ಯಾಟರಿ ಸೆಟ್ಟಿನದು, 1.4 ವೋಲ್ಟ್ ಸಾಕು. ಎರಡನೆಯ ಅಕ್ಷರ ‘ಎಲ್’ ಅಂದರೆ ಸ್ಪೀಕರನ್ನು ನಡೆಸುವ ಶಕ್ತಿಯ ವಾಲ್ವ್. ‘ಎಫ್’ ಇದ್ದರೆ ಸಂಕೇತವನ್ನು ಹಿಗ್ಗಿಸುವುದು, ‘ಝಡ್’ ಇದ್ದರೆ ಏಸಿ ಕರೆಂಟನ್ನು ಡೀಸಿ ಮಾಡುವುದು. ಎಂಟು ಎಂಬ ಅಂಕಿ ಒಂಬತ್ತು ಕಾಲಿನ ಬುಡವನ್ನು ಹೇಳುತ್ತದೆ. ನಾಲ್ಕು ಕ್ರಮಸಂಖ್ಯೆ. ಒಬ್ಬ ರಿಪೇರಿಯವನು ಪುಸ್ತಕ ಬಿಚ್ಚುವ ಮೊದಲೇ, ಬುರುಡೆಯ ಮೇಲೆ ಬರೆದ ನಾಲ್ಕು ಗುರುತಿನಿಂದ ಇಷ್ಟು ತಿಳಿದುಕೊಳ್ಳುತ್ತಿದ್ದ. ಬಿಡಿಭಾಗದ ಹೆಸರೇ ಅದರ ಮೊದಲ ಪುಟ.

ಪುಸ್ತಕ ಬಿಚ್ಚಿದರೆ ಉಳಿದದ್ದು ಸಿಗುತ್ತಿತ್ತು. ಬುಡದ ಖಾಲಿ ಜಾಗದಿಂದ ಎಣಿಸಿದರೆ ಎರಡನೆಯ ಕಾಲು ಗ್ರಿಡ್, ಮೂರನೆಯದು ಕ್ಯಾಥೋಡ್, ನಾಲ್ಕು ಐದು ಕಾಯುವ ತಂತಿ, ಏಳು ಆನೋಡ್, ಒಂಬತ್ತು ಸ್ಕ್ರೀನ್. ಎಷ್ಟು ವೋಲ್ಟ್ ದಾಟಬಾರದು, ಎಷ್ಟು ಕರೆಂಟು ಎಳೆಯುತ್ತದೆ, ಎಲ್ಲವೂ ಅಲ್ಲಿತ್ತು. ಹಲವು ಸೆಟ್ಟುಗಳ ಹಿಂಬದಿಯ ರಟ್ಟಿನ ಮೇಲೆ ಯಾವ ವಾಲ್ವ್ ಎಲ್ಲಿ ಕೂರಬೇಕು ಎಂಬ ಚಿತ್ರವೂ ಇರುತ್ತಿತ್ತು. ನಮ್ಮ ಕಡೆ ರೇಡಿಯೊ ರಿಪೇರಿ ಮಾಡುತ್ತಿದ್ದವರಲ್ಲಿ ಇಂಗ್ಲಿಷ್ ಸರಾಗ ಓದುವವರು ಕಡಿಮೆ. ಆದರೆ ಅಂಕಿ, ಕಾಲುಗಳ ಚಿತ್ರ, ವೋಲ್ಟು, ಆಂಪಿಯರ್ ಇವಕ್ಕೆ ಅಷ್ಟು ಇಂಗ್ಲಿಷ್ ಬೇಕಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನೂ ಆ ಪುಟವನ್ನು ಓದಬಲ್ಲವನಾಗಿದ್ದ.

ಕಂಪನಿಗಳು ಇದನ್ನು ಧರ್ಮಕ್ಕೆ ಮಾಡಲಿಲ್ಲ ಎಂಬುದನ್ನು ಮರೆಯಬಾರದು. ಅಮೆರಿಕದ ಆರ್‌ಸಿಎ ಕಂಪನಿ 1930ರ ದಶಕದಿಂದ 1970ರ ದಶಕದವರೆಗೂ ತನ್ನ ವಾಲ್ವ್‌ಗಳ ಕೈಪಿಡಿಯನ್ನು ಮತ್ತೆ ಮತ್ತೆ ಹೊಸದಾಗಿ ಅಚ್ಚು ಹಾಕಿ ಕಡಿಮೆ ಬೆಲೆಗೆ ಮಾರಿತು. ವಾಲ್ವ್ ಎಂದರೆ ಸುಟ್ಟುಹೋಗುವ ವಸ್ತು. ಸುಟ್ಟಾಗ ಹೊಸದನ್ನು ಆರಿಸುವವನು ರಿಪೇರಿಯವನು. ಅವನ ಮೇಜಿನ ಮೇಲೆ ಯಾರ ಪುಸ್ತಕವಿದೆಯೋ ಅವರ ವಾಲ್ವ್ ಮಾರಾಟವಾಗುತ್ತಿತ್ತು. ಪುಸ್ತಕ ಕೊಡುವುದು ವ್ಯಾಪಾರದ ಬುದ್ಧಿವಂತಿಕೆ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಅದೇ ದೇಶದ ಸೆಟ್ ತಯಾರಕರನ್ನು ನೋಡಬೇಕು. ಪೂರ್ತಿ ರೇಡಿಯೊ ಮಾಡುವವರಿಗೆ ಬೀದಿಬದಿಯ ರಿಪೇರಿಯವನಿಂದ ಅಂಥ ಲಾಭವೇನೂ ಇರಲಿಲ್ಲ. ಅವರ ನಕ್ಷೆಗಳು ಅವನ ಕೈಗೆ ಸಲೀಸಾಗಿ ಸಿಗುತ್ತಿರಲಿಲ್ಲ. ಜಾನ್ ರೈಡರ್ ಎಂಬಾತ ನಾನಾ ಕಂಪನಿಗಳ ಸರ್ಕ್ಯೂಟ್ ನಕ್ಷೆಗಳನ್ನು ಒಟ್ಟುಮಾಡಿ 1931ರಿಂದ ದಪ್ಪ ದಪ್ಪ ಸಂಪುಟಗಳಾಗಿ ಪ್ರಕಟಿಸಿದ. 1946ರಲ್ಲಿ ಹೊವರ್ಡ್ ಸ್ಯಾಮ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಕಂಪನಿಯನ್ನು ಕೇಳುವುದನ್ನೇ ಬಿಟ್ಟು, ಸೆಟ್ಟನ್ನು ತರಿಸಿ, ಬಿಚ್ಚಿ, ಅಳೆದು, ತಾನೇ ನಕ್ಷೆ ಬರೆಸಿ ಮಾರಿದ. ಅಂದರೆ ಬಿಡಿಭಾಗದವನು ಕೇಳುವ ಮೊದಲೇ ಕೊಟ್ಟ, ಸೆಟ್ಟಿನವನಿಂದ ಕಿತ್ತುಕೊಳ್ಳಬೇಕಾಯಿತು. ಇಬ್ಬರ ಸ್ವಭಾವದ ವ್ಯತ್ಯಾಸ ಇದಲ್ಲ, ಗಿರಾಕಿ ಯಾರು ಎಂಬುದರ ವ್ಯತ್ಯಾಸ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಈ ಕಥೆಯ ಮುಖ್ಯ ಪಾತ್ರ ಬೆಂಗಳೂರಿನ ಜಾಲಹಳ್ಳಿಯದು. ಭಾರತ್ ಎಲೆಕ್ಟ್ರಾನಿಕ್ಸ್, ಜನರ ಬಾಯಲ್ಲಿ ಬಿಇಎಲ್, 1954ರಲ್ಲಿ ರಕ್ಷಣಾ ಇಲಾಖೆಯ ಕೆಳಗೆ ಹುಟ್ಟಿತು. ಸೈನ್ಯಕ್ಕೆ ಸಂಪರ್ಕ ಸಾಧನ ಮಾಡುವುದು ಅದರ ಮೊದಲ ಕೆಲಸ. ಆದರೆ 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಮೊದಲಾದವನ್ನೂ ಮಾಡತೊಡಗಿತು. 1967ರಲ್ಲಿ ಸಿಲಿಕಾನ್ ಬಿಡಿಭಾಗಗಳು ಬಂದವು. ಸೊರಬದ ಮನೆಯೊಂದರಲ್ಲಿ ಪ್ರದೇಶ ಸಮಾಚಾರ ಹೇಳುತ್ತಿದ್ದ ಟ್ರಾನ್ಸಿಸ್ಟರ್ ರೇಡಿಯೊದ ಒಳಗೆ, ಗಡಿಯಲ್ಲಿನ ಸೈನಿಕನಿಗೂ ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆಯ ಮುದ್ರೆ ಇರುತ್ತಿತ್ತು.

ಆ ಬಿಡಿಭಾಗಗಳಿಗೂ ಹೆಸರೇ ಮೊದಲ ಪುಟ. ‘ಎಸಿ128’ ಎಂದರೆ ‘ಎ’ ಜರ್ಮೇನಿಯಂ, ‘ಸಿ’ ಧ್ವನಿಯ ಆವರ್ತನದ ಕೆಲಸಕ್ಕೆ. ‘ಬಿಸಿ148’ ಎಂದರೆ ‘ಬಿ’ ಸಿಲಿಕಾನ್. ‘ಬಿಎಫ್194’ ಎಂದರೆ ರೇಡಿಯೊ ತರಂಗದ ಕಡೆಯ ಕೆಲಸಕ್ಕೆ. ಇದೂ ಯುರೋಪಿನ ಹಂಚಿಕೊಂಡ ಕ್ರಮವೇ. ಹಾಗಾಗಿ ಜಾಲಹಳ್ಳಿಯ ಬಿಸಿ148 ಕೆಟ್ಟರೆ ಬೇರೆ ಯಾವ ಕಂಪನಿಯ ಬಿಸಿ148 ಹಾಕಿದರೂ ನಡೆಯುತ್ತಿತ್ತು. ಯಾರ ಪುಸ್ತಕ ನೋಡಿದರೂ ಕಾಲುಗಳು ಅವೇ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಿಂದ ಪೊಟ್ಟಣ ಕಟ್ಟಿಸಿಕೊಂಡು ಬರುವವರು ಸಮಾನ ಟ್ರಾನ್ಸಿಸ್ಟರುಗಳ ಪಟ್ಟಿಯ ಪುಸ್ತಕವನ್ನೂ ತರುತ್ತಿದ್ದರು. ದೆಹಲಿಯಿಂದ 1969ರಲ್ಲಿ ಶುರುವಾದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆ ಸರ್ಕ್ಯೂಟುಗಳನ್ನು ಅಚ್ಚು ಹಾಕುತ್ತಿತ್ತು. ಐಟಿಐಗಳಲ್ಲಿ ರೇಡಿಯೊ ಮತ್ತು ಟಿ.ವಿ. ಮೆಕ್ಯಾನಿಕ್ ಎಂಬ ಕೋರ್ಸೇ ಇತ್ತು. ಬಸ್‌ಸ್ಟ್ಯಾಂಡಿನ ಪಕ್ಕದ ಆರಡಿ ಅಂಗಡಿಯ ಹುಡುಗನಿಗೂ ಜಾಲಹಳ್ಳಿಯ ಎಂಜಿನಿಯರಿಗೂ ನಡುವೆ ಒಂದು ಸಾಮಾನ್ಯ ಭಾಷೆ ಇತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಬಿಇಎಲ್‌ನ ಇತಿಹಾಸದಲ್ಲೇ ಇನ್ನೊಂದು ಪಾಠ ಇದೆ. ವಿವರ ಕೊಟ್ಟರೆ ನಮ್ಮ ಮಾಲನ್ನು ನಕಲು ಮಾಡುತ್ತಾರೆ ಎಂಬುದು ತಯಾರಕರ ಮೊದಲ ವಾದ. ಆದರೆ ವಾಲ್ವ್‌ಗಳ ಅಳತೆ, ಕಾಲು, ವೋಲ್ಟು ಎಲ್ಲವೂ ಅಚ್ಚಾದ ಪುಸ್ತಕಗಳಲ್ಲಿ ಲೋಕಕ್ಕೆಲ್ಲ ಗೊತ್ತಿದ್ದ ಕಾಲದಲ್ಲೂ ಭಾರತಕ್ಕೆ ಅವನ್ನು ಮಾಡಲು ವಿದೇಶಿ ತಾಂತ್ರಿಕ ಸಹಯೋಗ ಬೇಕಾಯಿತು. ಕ್ಯಾಥೋಡಿಗೆ ಯಾವ ಲೇಪ, ಅದನ್ನು ಯಾವ ಹದದಲ್ಲಿ ಬಳಿಯಬೇಕು, ಬುರುಡೆಯ ಗಾಳಿಯನ್ನು ಕೊನೆಯ ಹನಿಯವರೆಗೆ ಹೇಗೆ ಎಳೆಯಬೇಕು, ಗಾಜಿಗೂ ಲೋಹಕ್ಕೂ ಬಿರುಕು ಬಿಡದಂತೆ ಹೇಗೆ ಬೆಸುಗೆ ಹಾಕಬೇಕು ಎಂಬುದು ಯಾವ ಬಳಕೆದಾರರ ಕೈಪಿಡಿಯಲ್ಲೂ ಇರಲಿಲ್ಲ. ಬಳಸುವ ಅಳತೆ ಊರಿಗೆಲ್ಲ ಗೊತ್ತಿತ್ತು. ಮಾಡುವ ಗುಟ್ಟು ಮಾಡುವವನ ಹತ್ತಿರವೇ ಇತ್ತು. ಒಂದನ್ನು ಬಿಟ್ಟುಕೊಟ್ಟದ್ದರಿಂದ ಇನ್ನೊಂದು ಸೋರಿಹೋಗಲಿಲ್ಲ.

ಹಾಗಿದ್ದರೆ ಯಾವಾಗ ಬದಲಾಯಿತು? ಒಂದು ತಾರೀಖು ಹೇಳಲಾಗದು. ಒಂದೇ ಚಿಪ್ಪಿನೊಳಗೆ ಸಾವಿರಾರು ಟ್ರಾನ್ಸಿಸ್ಟರುಗಳು ಸೇರಿದ ಮೇಲೂ ಕೆಲವು ಕಾಲ ಪುಸ್ತಕಗಳು ಬಂದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಟಿಎಲ್ ಚಿಪ್‌ಗಳ 1973ರ ದಪ್ಪ ಡೇಟಾ ಪುಸ್ತಕ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಲೆದಿಂಬಾಗಿತ್ತು. ಅಂಥ ಸಾಮಾನ್ಯ ಚಿಪ್‌ಗಳ ವಿವರ ಇವತ್ತಿಗೂ ಪುಕ್ಕಟೆ ಸಿಗುತ್ತದೆ, ಹಿಂದಿಗಿಂತ ಸುಲಭವಾಗಿಯೇ ಸಿಗುತ್ತದೆ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ಪಕ್ಕದಲ್ಲಿ ಇನ್ನೊಂದು ಜಾತಿ ಬೆಳೆಯಿತು. ಒಂದೇ ದೊಡ್ಡ ಕಾರ್ಖಾನೆಗಾಗಿ, ಅದರ ಒಂದೇ ಮಾಲಿಗಾಗಿ ಮಾಡಿದ ಚಿಪ್. ಫೋನಿನ, ವೈಫೈಯ, ಚಿತ್ರ ಮೂಡಿಸುವ ಚಿಪ್. ಇವನ್ನು ಬೀದಿಯಲ್ಲಿ ಕೊಳ್ಳುವವರಿಲ್ಲ. ಲಕ್ಷಗಟ್ಟಲೆ ಒಟ್ಟಿಗೆ ಕೊಳ್ಳುವವರು ನಾಲ್ಕಾರು ಕಂಪನಿ. ಅವರು ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿ ವಿವರ ಪಡೆಯುತ್ತಾರೆ. ಉಳಿದವರಿಗೆ ಇಲ್ಲ.

ಮೊದಲು ಹೇಳಿದ ಮಾತು ಇಲ್ಲಿ ಮತ್ತೆ ಬರುತ್ತದೆ. ಬಿಡಿಭಾಗದವನ ಗಿರಾಕಿ ರಿಪೇರಿಯವನಾಗಿದ್ದ ತನಕ ಪುಸ್ತಕ ಬಂತು. ಗಿರಾಕಿ ಬದಲಾದ ಮೇಲೆ ಪುಸ್ತಕ ಕರಾರಿನೊಳಗೆ ಸೇರಿತು. ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಬರೆಯುವ ಸ್ವಯಂಸೇವಕರು ಇದನ್ನು ಬಹಳ ಮೊದಲೇ ಅನುಭವಿಸಿದರು. ತಾವೇ ದುಡ್ಡು ಕೊಟ್ಟು ಕೊಂಡ ಕಾರ್ಡನ್ನು ನಡೆಸಲು ಅದರ ಒಳಗಿನ ವಿಳಾಸಗಳ ಪಟ್ಟಿ ಸಿಗದೆ, ಕತ್ತಲಲ್ಲಿ ತಡಕುವಂತೆ ಒಂದೊಂದನ್ನೇ ಪರೀಕ್ಷಿಸಿ ಕಂಡುಕೊಂಡರು. 2007ರಲ್ಲಿ ಎಎಂಡಿ ಕಂಪನಿ ತನ್ನ ಗ್ರಾಫಿಕ್ಸ್ ಚಿಪ್‌ಗಳ ವಿವರವನ್ನು ಬಯಲಿಗಿಡಲು ಶುರುಮಾಡಿತು. ಅದರಿಂದ ಕಂಪನಿ ಮುಳುಗಲಿಲ್ಲ.

ಚಿಪ್, ಕಾರ್ಡು ಎಂದರೆ ದೂರದ ವಿಷಯ ಎನ್ನಿಸುವ ಓದುಗರಿಗೆ ನಮ್ಮ ಅಕ್ಷರದ್ದೇ ಉದಾಹರಣೆ ಕೊಡುತ್ತೇನೆ. ಕಂಪ್ಯೂಟರಿನಲ್ಲಿ ಕನ್ನಡ ಬಂದ ಮೊದಲ ವರ್ಷಗಳಲ್ಲಿ ಒಂದೊಂದು ಕಂಪನಿಯ ಫಾಂಟಿಗೆ ಒಂದೊಂದು ಒಳಲೆಕ್ಕ. ಕೊಂಬು, ಒತ್ತು, ತಲೆಕಟ್ಟುಗಳ ತುಣುಕನ್ನು ಯಾವ ಸಂಖ್ಯೆಯ ಮನೆಯಲ್ಲಿಡಬೇಕು ಎಂದು ಅವರವರೇ ತೀರ್ಮಾನಿಸಿಕೊಂಡಿದ್ದರು. ಒಂದು ಫಾಂಟಿನಲ್ಲಿ ಬರೆದ ಕಥೆಯನ್ನು ಇನ್ನೊಂದರಲ್ಲಿ ತೆರೆದರೆ ಕಾಣುತ್ತಿದ್ದುದು ಕಸ. ಲೇಖಕನದೇ ಬರಹ, ಆದರೆ ಅದರ ಬೀಗದ ಕೈ ಫಾಂಟು ಮಾಡಿದವನ ಹತ್ತಿರ. ಕನ್ನಡ ಗಣಕ ಪರಿಷತ್ತು ಪುಕ್ಕಟೆಯಾಗಿ ಹಂಚಿದ ‘ನುಡಿ’ಯೂ ಶೇಷಾದ್ರಿವಾಸು ಅವರ ‘ಬರಹ’ವೂ ಒಂದೇ ಸಂಕೇತಕ್ರಮಕ್ಕೆ ಬಂದಾಗ ಮೊದಲ ಬಾರಿಗೆ ಇಲ್ಲಿ ಬರೆದದ್ದು ಅಲ್ಲಿ ಓದಲು ಬಂತು. ಆಮೇಲೆ ಯುನಿಕೋಡ್ ಬಳಕೆಗೆ ಬಂತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಅದರ ಪಟ್ಟಿಯನ್ನು ಲೋಕದಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ನೀವು ಈ ಸಾಲನ್ನು ಯಾವುದೋ ಫೋನಿನಲ್ಲಿ ಓದುತ್ತಿದ್ದೀರಿ ಎಂದರೆ ಅದಕ್ಕೆ ಕಾರಣ ಆ ಪಟ್ಟಿ ಬಯಲಲ್ಲಿರುವುದು. ಹಾಗೆಂದು ಫಾಂಟಿನ ಚೆಲುವನ್ನು ಬರೆಯುವ ಕಲಾವಿದನ ಕೈಗುಟ್ಟನ್ನು ಯಾರೂ ಕಿತ್ತುಕೊಂಡಿಲ್ಲ.

ಈಗ ಜಡೆಯ ಪಂಪ್‌ಮನೆಗೆ ಬರುತ್ತೇನೆ. ನಮ್ಮ ತೋಟದ ಸ್ಟಾರ್ಟರಿಗೆ ಜೋಡಿಸಿದ್ದ ಮೊಬೈಲ್ ಪೆಟ್ಟಿಗೆ ಒಂದು ಮಾರ್ಚ್ ತಿಂಗಳಲ್ಲಿ ಕೈಕೊಟ್ಟಿತು. ಮಾರ್ಚ್ ಎಂದರೆ ಅಡಿಕೆ ಮರಕ್ಕೆ ನೀರು ತಪ್ಪಬಾರದ ಕಾಲ. ಮೂರು ಫೇಸಿನ ಕರೆಂಟು ಬರುವುದೇ ದಿನಕ್ಕೆ ಕೆಲವು ತಾಸು. ಪೆಟ್ಟಿಗೆಯ ಕೆಂಪು ದೀಪ ನಾಲ್ಕು ಸಲ ಮಿನುಗಿ ನಿಲ್ಲುತ್ತಿತ್ತು, ಮತ್ತೆ ನಾಲ್ಕು ಸಲ. ನಾಲ್ಕು ಎಂದರೇನು? ಒಂದು ಫೇಸ್ ಇಲ್ಲವೆಂದೇ, ವೋಲ್ಟೇಜ್ ಕಡಿಮೆಯೆಂದೇ, ಬೋರ್‌ವೆಲ್ಲಿನಲ್ಲಿ ನೀರಿಲ್ಲವೆಂದೇ? ಜತೆಗೆ ಬಂದಿದ್ದ ಚೀಟಿಯಲ್ಲಿ ಸಿಮ್ ಹಾಕುವುದು ಹೇಗೆಂದು ಇತ್ತು, ಇದು ಇರಲಿಲ್ಲ. ಮಾರಿದವರಿಗೆ ಫೋನು ಮಾಡಿದರೆ ಬೋರ್ಡನ್ನು ಕಳಿಸಿ, ಹೊಸದು ಹಾಕಬೇಕಾಗುತ್ತದೆ ಎಂದರು.

ನಾನು ಅದನ್ನು ಪೇಟೆಯ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಒಯ್ದೆ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಬೋರ್ಡಿನ ಮುಖ್ಯ ಚಿಪ್ಪನ್ನು ಭೂತಕನ್ನಡಿಯಲ್ಲಿ ತೋರಿಸಿದ. ಅದರ ಮೇಲಿನ ಹೆಸರನ್ನು ಉಜ್ಜಿ ಅಳಿಸಿದ್ದರು. ನಯವಾದ ಬೂದು ಗೆರೆಗಳಷ್ಟೇ ಉಳಿದಿದ್ದವು.

“ನೋಡ್ರಿ ಮೇಷ್ಟ್ರೇ, ಹೆಸ್ರೇ ಇಲ್ಲ. ಹೆಸ್ರಿಲ್ದೋರಿಗೆ ಔಷಧಿ ಹೆಂಗ್ ಕೊಡದು?” ಎಂದ.

“ಮೋಟಾರಿಂದು ಮಾತ್ರ ಕಂಪನಿಯವರು ನಿಂಗೆ ಬರ್ದು ಕೊಟ್ಟಿದಾರೇನೋ ಮಾರಾಯ?” ಎಂದು ಕೇಳಿದೆ.

“ಎಲ್ಲಿ ಕೊಡ್ತಾರೆ! ಸುಟ್ಟ ಮೋಟ್ರೇ ನಮ್ಗೆ ಪುಸ್ತ್ಕ.”

ಆ ಮಾತು ಅಕ್ಷರಶಃ ನಿಜ. ಮೋಟಾರಿನ ಮೈಮೇಲಿನ ತಗಡಿನಲ್ಲಿ ಎಷ್ಟು ಹೆಚ್‌ಪಿ, ಎಷ್ಟು ವೋಲ್ಟ್, ಎಷ್ಟು ಆಂಪಿಯರ್, ನಿಮಿಷಕ್ಕೆ ಎಷ್ಟು ಸುತ್ತು ಎಂದು ಇರುತ್ತದೆ. ಒಳಗೆ ಎಷ್ಟು ಗೇಜಿನ ತಂತಿ, ಒಂದು ಸ್ಲಾಟಿಗೆ ಎಷ್ಟು ಸುತ್ತು, ಎಷ್ಟನೆಯ ಸ್ಲಾಟಿನಿಂದ ಎಷ್ಟನೆಯದಕ್ಕೆ ಎಂಬುದು ಅದರಲ್ಲಿ ಇರುವುದಿಲ್ಲ. ಸುಟ್ಟ ಸುರುಳಿಯನ್ನು ಕತ್ತರಿಸಿ ತೆಗೆಯುವಾಗ ಒಂದೊಂದೇ ಎಳೆ ಎಣಿಸಿ, ಗೇಜು ಅಳೆದು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಸುಟ್ಟದ್ದಾದರೂ ತಂತಿ ತಂತಿಯೇ, ಎಣಿಸಬಹುದು. ಬಳ್ಳಿಗಾವಿಯ ಶಿಲ್ಪಿ ಹೆಸರು ಕೆತ್ತಿದ ಸೀಮೆಯಲ್ಲಿ ಕೂತು ನಾನು ಆ ಅಳಿಸಿದ ಚಿಪ್ಪನ್ನು ನೋಡುತ್ತಿದ್ದೆ. ಎಣಿಸಲಿಕ್ಕೆ ಅಲ್ಲಿ ಏನೂ ಇರಲಿಲ್ಲ. ವಿವರ ಕೊಡದಿರುವುದು ಒಂದು. ಇನ್ನೊಬ್ಬರು ಮಾಡಿದ ಬಿಡಿಭಾಗದ ಮೇಲಿನ ಹೆಸರನ್ನು, ಯಾರೂ ಹುಡುಕಿಕೊಂಡು ಹೋಗದಿರಲಿ ಎಂದು ಉಜ್ಜಿ ತೆಗೆಯುವುದು ಇನ್ನೊಂದು.

ತಯಾರಕರ ಉಳಿದ ವಾದಗಳನ್ನೂ ಕೇಳಬೇಕು. ತಿಳಿಯದವರು ಪೆಟ್ಟಿಗೆ ಬಿಚ್ಚಿ ಶಾಕ್ ಹೊಡೆಸಿಕೊಂಡರೆ ಯಾರು ಹೊಣೆ ಎನ್ನುತ್ತಾರೆ. ಸುಳ್ಳಲ್ಲ, ಪಂಪ್‌ಮನೆಗಳಲ್ಲಿ ಜೀವಗಳು ಹೋಗಿವೆ. ಆದರೆ ನಮ್ಮ ಕಡೆ ಪೆಟ್ಟಿಗೆ ಬಿಚ್ಚುವುದು ಹೇಗೂ ನಿಲ್ಲುವುದಿಲ್ಲ. ನೀರು ಬೇಕು, ಕರೆಂಟು ಈಗ ಇದೆ, ಇನ್ನೆರಡು ತಾಸಿಗೆ ಹೋಗುತ್ತದೆ. ನಕ್ಷೆ ಇಲ್ಲದೆ ಬಿಚ್ಚುವವನಿಗೆ ಯಾವ ತಂತಿಯಲ್ಲಿ 415 ವೋಲ್ಟ್ ಇದೆ ಎಂದು ಯಾರು ಹೇಳಬೇಕು? ಪ್ರತಿಯೊಬ್ಬನ ಪ್ರಶ್ನೆಗೂ ಉತ್ತರ ಕೊಡುತ್ತ ಕೂರಲಾಗದು ಎಂಬುದು ಇನ್ನೊಂದು ವಾದ. ಅದಕ್ಕೇ ಅಲ್ಲವೇ ಅಚ್ಚಾದ ಪುಟ ಇರುವುದು? ಒಂದು ಸಲ ಬರೆದರೆ ಸಾವಿರ ಫೋನು ತಪ್ಪುತ್ತದೆ. ಬಿಡಿಭಾಗ ಮಾಡುವವರದು ಮೂರನೆಯ ವಾದ. ನಾವು ಮಾರಿದ್ದು ಪೆಟ್ಟಿಗೆ ಮಾಡುವವನಿಗೆ, ರೈತನಿಗಲ್ಲ, ಅವನನ್ನೇ ಕೇಳಿ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ಹಾಗಾದರೆ ಪೆಟ್ಟಿಗೆಯವನು ಹೇಳಬೇಕು, ಅವನು ಹೇಳದಂತೆ ನೀವು ಕರಾರಿನಲ್ಲಿ ಕಟ್ಟಿಹಾಕಬಾರದು.

ಈ ಕಟ್ಟಿಹಾಕುವ ವಿಚಾರ ನಮ್ಮ ದೇಶದಲ್ಲಿ ಒಮ್ಮೆ ತೀರ್ಪಿಗೆ ಬಂದಿದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ತಾಂತ್ರಿಕ ಕೈಪಿಡಿ, ದೋಷ ಪತ್ತೆಮಾಡುವ ಸಾಧನಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆರೋಪದ ತಿರುಳು. ಬಿಡಿಭಾಗ ಮಾಡಿಕೊಡುವ ಕಂಪನಿಗಳು ಅವನ್ನು ನೇರವಾಗಿ ಪೇಟೆಗೆ ಮಾರದಂತೆ ಕಾರು ಕಂಪನಿಗಳು ಕರಾರಿನಲ್ಲಿ ತಡೆದಿದ್ದ ಸಂಗತಿಯೂ ಅಲ್ಲಿ ಚರ್ಚೆಗೆ ಬಂತು. ಮೇಲ್ಮನವಿಗಳು ನಡೆದವು. ಆದರೆ ಕೈಪಿಡಿಯನ್ನು ಬಚ್ಚಿಡುವುದು ಕಂಪನಿಯ ಮನೆವಾರ್ತೆಯಲ್ಲ, ಪೇಟೆಯ ನ್ಯಾಯದ ಪ್ರಶ್ನೆ ಎಂಬ ಮಾತು ದಾಖಲಾಯಿತು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ, ಅದು ಗಮನ ಕೊಡಬೇಕಾದ ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳನ್ನೂ ಹೆಸರಿಸಿತು. ಅದೇ ಡಿಸೆಂಬರಿನಲ್ಲಿ, ಕಂಪನಿಗಳು ಕೈಪಿಡಿಗಳನ್ನು ಹಾಕಲು ಒಂದು ಜಾಲತಾಣವೂ ಬಂತು. ಹಾಕಿ ಎಂದು ಕೇಳಿಕೊಳ್ಳುವುದಕ್ಕೂ ಹಾಕಲೇಬೇಕು ಎನ್ನುವುದಕ್ಕೂ ಇರುವ ದೂರ ಮಾತ್ರ ಇನ್ನೂ ಹಾಗೇ ಇದೆ.

ಹಾಕಲೇಬೇಕು ಎಂದರೆ ಅಸಾಧ್ಯವೇ? ನಮ್ಮ ತೋಟದ ಔಷಧಿಯ ಡಬ್ಬಿಯನ್ನೇ ನೋಡಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಪೊಟ್ಟಣದ ಜತೆ ವಿವರದ ಚೀಟಿ ಇರಲೇಬೇಕು. ಯಾವ ರೋಗಕ್ಕೆ, ಎಷ್ಟು ಪ್ರಮಾಣ, ವಿಷ ಏರಿದರೆ ಏನು ಲಕ್ಷಣ, ಏನು ಮಾಡಬೇಕು, ಎಲ್ಲ. ಅದೂ ಹಿಂದಿ ಇಂಗ್ಲಿಷಿನ ಜತೆ ಮಾರುವ ಪ್ರದೇಶದ ಭಾಷೆಯಲ್ಲಿ. ಅಕ್ಷರ ಸಾಸಿವೆ ಕಾಳಿನಷ್ಟು ಸಣ್ಣದಿರುತ್ತದೆ, ಓದಿದವರು ಕಡಿಮೆ. ಆದರೂ ಐವತ್ತು ವರ್ಷದ ಹಿಂದೆಯೇ ಸರ್ಕಾರ ಒಪ್ಪಿತ್ತು: ಮಾಡಿದವನು ಬಳಸುವವನಿಗೆ, ಅವನ ಭಾಷೆಯಲ್ಲಿ, ಬರೆದು ಹೇಳಬೇಕು. ಹಾಗೆ ಬರೆದದ್ದರಿಂದ ಔಷಧಿ ಕಂಪನಿಗಳ ಗುಟ್ಟು ಹೊರಗೆ ಬರಲಿಲ್ಲ. ವಿಷದ ಡಬ್ಬಿಗೆ ಒಪ್ಪಿದ ನ್ಯಾಯ ನೀರೆತ್ತುವ ಪೆಟ್ಟಿಗೆಗೆ ಯಾಕೆ ಒಪ್ಪುವುದಿಲ್ಲ?

ಬೋರ್ಡಿನ ಒಳಗಿನ ತಂತ್ರಾಂಶ ಕೊಡಿ, ಚಿಪ್ ಮಾಡುವುದನ್ನು ಹೇಳಿಕೊಡಿ ಎಂದು ಜಡೆಯ ಯಾವ ರೈತನೂ ಕೇಳುತ್ತಿಲ್ಲ. ಕೇಳಬೇಕಾದದ್ದು ಸಣ್ಣದು. ಚಿಪ್ಪಿನ ಹೆಸರನ್ನು ಅಳಿಸಬೇಡಿ. ಯಾವ ತಂತಿ ಎಲ್ಲಿಗೆ, ಎಷ್ಟು ವೋಲ್ಟು ಎಷ್ಟು ಆಂಪಿಯರ್ ದಾಟಬಾರದು ಎಂಬ ನಕ್ಷೆಯನ್ನು ಮೊದಲಿನಂತೆ ಮುಚ್ಚಳಕ್ಕೆ ಅಂಟಿಸಿ. ದೀಪ ನಾಲ್ಕು ಸಲ ಮಿನುಗಿದರೆ ಏನರ್ಥ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಈ ಮೂರನ್ನು ವ್ಯಾಪಾರದ ಬುದ್ಧಿವಂತಿಕೆಗೆ ಬಿಟ್ಟರೆ ಬರುವುದಿಲ್ಲ ಎಂಬುದು ಮೇಲಿನ ಇತಿಹಾಸದಿಂದ ನನಗೆ ತಿಳಿದದ್ದು. ಆ ಬುದ್ಧಿವಂತಿಕೆ ಈಗ ಬೇರೆ ಗಿರಾಕಿಯ ಕಡೆ ಮುಖ ಮಾಡಿದೆ. ಇನ್ನು ನಿಯಮವೇ ಬೇಕು.

ರಿವೈಂಡಿಂಗ್ ಅಂಗಡಿಯ ಆ ಹುಡುಗನ ನೋಟ್‌ಬುಕ್ಕನ್ನು ಆವತ್ತು ಮಗುಚಿ ನೋಡಿದೆ. ಅಂಗಡಿ ಶುರುಮಾಡಿದ ಅವನ ಮಾವನ ಕಾಲದ್ದು, ರಟ್ಟು ಎರಡು ಸಲ ಬದಲಾಗಿದೆ. ಒಂದೊಂದು ಪುಟಕ್ಕೆ ಒಂದೊಂದು ಮೋಟಾರು, ಸ್ಲಾಟು, ಸುತ್ತು, ಗೇಜು, ನೀಲಿ ಮಸಿಯಲ್ಲಿ ಮಾವನ ಅಕ್ಷರ, ಮುಂದೆ ಬಾಲ್‌ಪೆನ್ನಿನಲ್ಲಿ ಇವನದು. ಕೆಲಸ ಕಲಿಯಲು ಬಂದಿರುವ ಹುಡುಗ ಈಗ ಅದನ್ನು ನಕಲು ಮಾಡಿಕೊಳ್ಳುತ್ತಿದ್ದಾನೆ. ಕೊನೆಯ ಕೆಲವು ಪುಟಗಳಿಗೆ ಮೊಬೈಲ್ ಸ್ಟಾರ್ಟರ್‌ಗಳು ಎಂದು ತಲೆಬರಹ ಕೊಟ್ಟು ಗೆರೆ ಎಳೆದಿಟ್ಟಿದ್ದಾರೆ. ಒಂದೊಂದು ಕಂಪನಿಯ ಹೆಸರಿನ ಮುಂದೆಯೂ ಒಂದೊಂದು ಫೋನ್ ನಂಬರ್ ಬರೆದಿದೆ. ಅದರ ಕೆಳಗೆ ಏನೂ ಇಲ್ಲ.